ಜಗಲಿ ಮೇಲೆ ಕೂತು ಮಾತ್ರೆ ಕೊಟ್ಟವರು: ಕ್ಷಯದ ಚಿಕಿತ್ಸೆ ಮನೆಬಾಗಿಲಿಗೆ ಬಂದ ಕತೆ

ಬೆಳಿಗ್ಗೆ ಏಳು ಗಂಟೆ. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಆಶಾ ಅಕ್ಕನ ಹಿಂದೆ ನಾವು ಇಬ್ಬರು ನಡೆದು ಹೋದೆವು. ಟಿಲ್ಲರ್ ಓಡಿಸುವ ಯುವಕನೊಬ್ಬನ ಮನೆ ಅದು. ಅವನಿಗೆ ಟಿ.ಬಿ. ಚಿಕಿತ್ಸೆ ಶುರುವಾಗಿ ಮೂರನೇ ತಿಂಗಳು. ಹೆಸರು, ಊರು ಬರೆಯಬೇಡಿ ಅಂದ, ಬರೆಯುತ್ತಿಲ್ಲ.

ಅಕ್ಕ ಜಗಲಿ ಮೇಲೆ ಕೂತವರು ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ.

"ಏನಪ್ಪಾ, ರಾತ್ರಿ ಊಟ ಸೇರ್ತಾ?"

"ಸೇರ್ತು ಅಕ್ಕಾ. ಒಂದು ಮುದ್ದೆ ಉಂಡೆ."

"ಒಂದೇನಾ? ಹೋದ ವಾರ ಒಂದೂವರೆ ಅಂದಿದ್ದೆ."

ಆಮೇಲೆ ರೇಷನ್ ಅಕ್ಕಿ ಬಂತಾ, ಮಗು ಶಾಲೆಗೆ ಹೋಯ್ತಾ, ಕೀಲುನೋವು ಕಡಿಮೆ ಆಯ್ತಾ ಅಂತೆಲ್ಲ ವಿಚಾರಿಸಿದರು. ಅವನೇ ಒಳಗೆ ಹೋಗಿ ಮಾತ್ರೆಯ ಹಾಳೆ ತಂದು ತೋರಿಸಿದ. ನಿನ್ನೆಯ ಗುಳಿಗೆಗಳ ಜಾಗ ಖಾಲಿ ಇತ್ತು. ಅಕ್ಕ ಕಾರ್ಡಿನಲ್ಲಿ ಗುರುತು ಹಾಕಿಕೊಂಡು ಎದ್ದರು. ಎಲ್ಲ ಸೇರಿ ಹತ್ತು ನಿಮಿಷ.

ಅಷ್ಟು ಹೊತ್ತು ಬಾಗಿಲ ಬಳಿ ಕೂತಿದ್ದ ಅವನ ಅಜ್ಜಿ ನಮಗೊಂದು ಮಾತು ಹೇಳಿದರು. ಅವರ ಮೈದುನನಿಗೂ ಇದೇ ಕಾಯಿಲೆ ಬಂದಿತ್ತಂತೆ. ತೋಟದ ಗುಡಿಸಲಲ್ಲಿ ಇರಿಸಿದ್ದರಂತೆ. ತಟ್ಟೆ, ಚೊಂಬು ಎಲ್ಲ ಬೇರೆ. "ಊಟ ಇಟ್ಟು ದೂರ ನಿಂತ್ಕೊಂಡು ಕೂಗೋವು. ಇವಳ ಥರ ಯಾರು ಬಂದು ಪಕ್ಕದಾಗೆ ಕೂರ್ತಿದ್ರು?"

ಗುಡಿಸಲಿನಿಂದ ಜಗಲಿಗೆ ಬರಲು ಈ ಕಾಯಿಲೆಯ ಚಿಕಿತ್ಸೆಗೆ ಎಷ್ಟು ವರ್ಷ ಹಿಡಿಯಿತು, ಯಾರ್ಯಾರ ಕೈ ದಾಟಿ ಬಂತು ಅಂತ ತಿಳಿಯಬೇಕು ಅನ್ನಿಸಿತು. ಹುಡುಕುತ್ತಾ ಹೋದಾಗ, ಇದರ ಬಹಳಷ್ಟು ಭಾಗ ನಮ್ಮ ಸುತ್ತಮುತ್ತಲೇ ನಡೆದದ್ದು ಅಂತ ಗೊತ್ತಾಯಿತು. ಅದರಲ್ಲೂ ಈ ತುಮಕೂರು ಜಿಲ್ಲೆಯ ಪಾತ್ರ ದೊಡ್ಡದು.

ಹಾಸಿಗೆ ಆರು ಸಾವಿರ, ರೋಗಿಗಳು 25 ಲಕ್ಷ

ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದಿದ್ದಾಗಿ ಜರ್ಮನಿಯ ರಾಬರ್ಟ್ ಕಾಕ್ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದಕ್ಕೇ ಪ್ರತಿ ವರ್ಷ ಆ ದಿನ ವಿಶ್ವ ಕ್ಷಯರೋಗ ದಿನ. ಆದರೆ ಕಾರಣ ಗೊತ್ತಾದ ಮೇಲೂ ಅರವತ್ತು ವರ್ಷ ಔಷಧ ಸಿಗಲಿಲ್ಲ. ಒಳ್ಳೆ ಗಾಳಿ, ಒಳ್ಳೆ ಊಟ, ಪೂರ್ತಿ ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಅದಕ್ಕಾಗಿ ಊರಾಚೆ ಸ್ಯಾನಿಟೋರಿಯಂ ಕಟ್ಟಿದರು.

ಮೈಸೂರಿನ ಪಿ.ಕೆ.ಟಿ.ಬಿ. ಆಸ್ಪತ್ರೆಯ ಹೆಸರು ನೀವು ಕೇಳಿರಬಹುದು. ಪೂರ್ತಿ ಹೆಸರು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಟಿ.ಬಿ. ಸ್ಯಾನಿಟೋರಿಯಂ. ಕೃಷ್ಣಾಜಮ್ಮಣ್ಣಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ. ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯ ತೆಗೆದುಕೊಂಡು ಹೋಯಿತು. ಆ ನೆನಪಿಗೆ 1921ರಲ್ಲಿ ಆ ಸ್ಯಾನಿಟೋರಿಯಂ ಆಯಿತು. ಅರಮನೆಯೊಳಗೇ ಈ ಕಾಯಿಲೆಗೆ ಮದ್ದಿರಲಿಲ್ಲ ಅಂದರೆ ಹಳ್ಳಿಯ ಮನೆಗಳ ಪಾಡೇನು? ಕೋಲಾರದ ಗಡಿಯಾಚೆ ಮದನಪಲ್ಲಿ ಹತ್ತಿರದ ಆರೋಗ್ಯವರಂ ಇನ್ನೊಂದು ದೊಡ್ಡ ಸ್ಯಾನಿಟೋರಿಯಂ.

ಇವೆಲ್ಲ ಸೇರಿದರೂ ಎಷ್ಟು ಜನಕ್ಕೆ ಸಾಕಾಗುತ್ತಿತ್ತು? 1946ರಲ್ಲಿ ಬಂದ ಭೋರ್ ಸಮಿತಿಯ ವರದಿ ಲೆಕ್ಕ ಹಾಕಿತ್ತು. ದೇಶದಲ್ಲಿ ಸುಮಾರು 25 ಲಕ್ಷ ರೋಗಿಗಳು, ವರ್ಷಕ್ಕೆ ಸುಮಾರು ಐದು ಲಕ್ಷ ಸಾವು. ಟಿ.ಬಿ.ಗೆಂದು ಇದ್ದ ಹಾಸಿಗೆಗಳು ಆರು ಸಾವಿರದಷ್ಟು. ಉಳಿದವರಿಗೆ ಇದ್ದದ್ದು ಅಜ್ಜಿ ಹೇಳಿದಂಥ ತೋಟದ ಗುಡಿಸಲು, ಇಲ್ಲವೇ ಮನೆಯ ಮೂಲೆ.

ಮದ್ರಾಸಿನ ಕೇರಿಗಳಲ್ಲಿ ಒಂದು ಪ್ರಯೋಗ

1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ನಂತರ ಪಿ.ಎ.ಎಸ್. ಬಂತು. 1952ರಲ್ಲಿ ಐ.ಎನ್.ಎಚ್. ಅನ್ನುವ ಅಗ್ಗದ ಗುಳಿಗೆ ಕ್ಷಯಕ್ಕೆ ಕೆಲಸ ಮಾಡುತ್ತದೆ ಅಂತ ತಿಳಿಯಿತು. ಈಗ ಮದ್ದು ಇತ್ತು. ಆದರೆ ಕೊಡುವುದು ಎಲ್ಲಿ? ರೋಗಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿಯೇ ಕೊಡಬೇಕು ಅನ್ನುವುದು ಆಗಿನ ಹೆಚ್ಚಿನ ವೈದ್ಯರ ನಂಬಿಕೆ. ಬಡವರು ಮನೆಯಲ್ಲಿ ಸರಿಯಾಗಿ ನುಂಗುವುದಿಲ್ಲ, ಮನೆಯವರಿಗೆಲ್ಲ ಅಂಟಿಸುತ್ತಾರೆ ಅನ್ನುವ ಭಯ ಬೇರೆ.

ಇದನ್ನು ಪರೀಕ್ಷೆ ಮಾಡಿ ನೋಡಲು 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ಶುರುವಾಯಿತು. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಒಟ್ಟಾಗಿ ಮಾಡಿದ ಕೆಲಸ. ಮುಂದೆ ನಿಂತು ನಡೆಸಿದವರು ವ್ಯಾಲೇಸ್ ಫಾಕ್ಸ್ ಅನ್ನುವ ವೈದ್ಯರು. ಊರಿನ ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಿಟೋರಿಯಂ: ಹಾಸಿಗೆ, ಒಳ್ಳೆ ಊಟ, ವಿಶ್ರಾಂತಿ, ನರ್ಸು. ಇನ್ನೊಂದು ಗುಂಪಿಗೆ ಮನೆ: ಇಕ್ಕಟ್ಟಾದ ಕೋಣೆ, ಸಿಕ್ಕಷ್ಟು ಊಟ, ಕೆಲಸವೂ ತಪ್ಪಿದ್ದಲ್ಲ. ಗುಳಿಗೆ ಮಾತ್ರ ಇಬ್ಬರಿಗೂ ಒಂದೇ, ಒಂದು ವರ್ಷ.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಸ್ಯಾನಿಟೋರಿಯಂನವರಷ್ಟೇ ಗುಣವಾಗಿದ್ದರು. ಮನೆಯವರಿಗೆ ಅಂಟುವ ಅಪಾಯವೂ ಇದರಿಂದ ಹೆಚ್ಚಾಗಿರಲಿಲ್ಲ. ಈ ಒಂದು ಪ್ರಯೋಗ ಪ್ರಪಂಚದ ಕಣ್ಣು ತೆರೆಸಿತು. ಹಾಸಿಗೆ ಇಲ್ಲದಿದ್ದರೂ ಕ್ಷಯ ವಾಸಿ ಮಾಡಬಹುದು ಅಂತ ಬಡ ದೇಶಗಳಿಗೆಲ್ಲ ಧೈರ್ಯ ಬಂತು.

ಈ ಕತೆ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿ ಇದೆ. ಮನೆಯ ಗುಂಪಿನವರನ್ನು ಗುಳಿಗೆ ಕೊಟ್ಟು ಸುಮ್ಮನೆ ಕಳಿಸಿಬಿಟ್ಟಿರಲಿಲ್ಲ. ಆರೋಗ್ಯ ಸಂದರ್ಶಕರು ಹೇಳದೆ ಕೇಳದೆ ಮನೆಗೆ ಹೋಗುತ್ತಿದ್ದರು. ಉಳಿದ ಗುಳಿಗೆ ಎಣಿಸುತ್ತಿದ್ದರು. ಮೂತ್ರ ಪರೀಕ್ಷೆ ಮಾಡಿ ನುಂಗಿದ್ದಾರಾ ಅಂತ ನೋಡುತ್ತಿದ್ದರು. ಹೇಳಿಕೊಟ್ಟ ಮೇಲೂ, ಬಿಟ್ಟಿಯಾಗಿ ಕೊಟ್ಟ ಮೇಲೂ ತಿಂಗಳುಗಟ್ಟಲೆ ಗುಳಿಗೆ ನುಂಗುವುದು ಮನುಷ್ಯರಿಗೆ ಕಷ್ಟ ಅಂತ ಫಾಕ್ಸ್ ಆಗಲೇ ಬರೆದರು. ಬಾಗಿಲಿಗೆ ಬರುವ ಮನುಷ್ಯ ಈ ಚಿಕಿತ್ಸೆಯೊಳಗೆ ಕಾಲಿಟ್ಟದ್ದು ಅಲ್ಲಿಂದ. ಆದರೆ ಬಂದದ್ದು ಲೆಕ್ಕ ನೋಡುವವನಾಗಿ.

ತುಮಕೂರು ಹೇಳಿಕೊಟ್ಟ ಪಾಠ

ಇದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. 1955ರಿಂದ 58ರವರೆಗೆ ನಡೆದ ದೇಶವ್ಯಾಪಿ ಸಮೀಕ್ಷೆಯಿಂದ, ಕ್ಷಯ ಪಟ್ಟಣದ ಕಾಯಿಲೆ ಅನ್ನುವ ನಂಬಿಕೆ ಸುಳ್ಳು, ಹಳ್ಳಿಗಳಲ್ಲೂ ಅಷ್ಟೇ ಇದೆ ಅಂತ ಗೊತ್ತಾಗಿತ್ತು. ಹಳ್ಳಿಗೆ ಹೊಂದುವ ಕಾರ್ಯಕ್ರಮ ರೂಪಿಸಲು ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕಟ್ಟಿದರು. 1960ರ ಸೆಪ್ಟೆಂಬರ್ 16ರಂದು ನೆಹರೂ ಅದನ್ನು ಉದ್ಘಾಟಿಸಿದರು.

ಆ ಸಂಸ್ಥೆಯವರು ಅಧ್ಯಯನಕ್ಕೆ ಆರಿಸಿಕೊಂಡ ಜಾಗಗಳಲ್ಲಿ ಒಂದು ತುಮಕೂರು ಜಿಲ್ಲೆ. ಮೊದಲು ಎಕ್ಸ್‌ರೇ, ಕಫ ಪರೀಕ್ಷೆ ಮಾಡಿ ಯಾರಿಗೆ ಕಾಯಿಲೆ ಇದೆ ಅಂತ ಪತ್ತೆ ಮಾಡಿದರು. ಆಮೇಲೆ ಸಮಾಜ ವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡ ಮನೆ ಮನೆಗೆ ಹೋಗಿ ಆ ರೋಗಿಗಳನ್ನೇ ಮಾತಾಡಿಸಿತು. ನಿಮಗೆ ಏನಾಗ್ತಿದೆ ಅಂತ ಗೊತ್ತಾ? ಏನು ಮಾಡಿದಿರಿ?

ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಕರೆದರೂ ಬರುವುದಿಲ್ಲ, ನಾವೇ ಎಕ್ಸ್‌ರೇ ವ್ಯಾನು ತಗೊಂಡು ಹೋಗಿ ಹುಡುಕಬೇಕು ಅನ್ನುವುದು ಆಗಿನ ಲೆಕ್ಕಾಚಾರ. ತುಮಕೂರಿನ ಜನ ಅದನ್ನು ತಲೆಕೆಳಗು ಮಾಡಿದರು. ಬಹುಪಾಲು ರೋಗಿಗಳಿಗೆ ತಮಗೆ ಏನೋ ಆಗಿದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಅದಾಗಲೇ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕಫ ಪರೀಕ್ಷೆ ಮಾಡುವ ವ್ಯವಸ್ಥೆ ಅಲ್ಲಿ ಇರಲಿಲ್ಲ.

1963ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಇವತ್ತಿಗೂ ಪ್ರಪಂಚದಲ್ಲಿ ಓದುತ್ತಾರೆ. ನಮ್ಮ ತಾತಂದಿರ ಕಾಲದವರು ಕೊಟ್ಟ ಉತ್ತರ ಅದು. ಅದರ ಮೇಲೆ ನಿಂತೇ 1962ರಲ್ಲಿ ಶುರುವಾಗಿದ್ದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪ ಪಡೆಯಿತು. ಟಿ.ಬಿ.ಗೆ ಬೇರೆ ಆಸ್ಪತ್ರೆ ಬೇಡ, ಜನ ಈಗಾಗಲೇ ಹೋಗುವ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಆಗಲಿ, ಅಲ್ಲೇ ಗುಳಿಗೆ ಸಿಗಲಿ ಅನ್ನುವುದು ಅದರ ತಿರುಳು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಮುಂದೆ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು.

ಚಿಕಿತ್ಸೆ ತಲುಪದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಸಿಕ್ಕಿದ್ದು ನಮ್ಮ ನೆಲದಲ್ಲೇ. 1961ರಿಂದ 68ರವರೆಗೆ ಅದೇ ಸಂಸ್ಥೆ ಬೆಂಗಳೂರು ಜಿಲ್ಲೆಯ ಹಳ್ಳಿಗಳನ್ನು ಮತ್ತೆ ಮತ್ತೆ ಸಮೀಕ್ಷೆ ಮಾಡಿತು. ವ್ಯವಸ್ಥಿತ ಚಿಕಿತ್ಸೆ ಇಲ್ಲದಿದ್ದ ಆ ಹಳ್ಳಿಗಳಲ್ಲಿ, ಕಫದಲ್ಲಿ ರೋಗಾಣು ಇದ್ದ ನೂರು ಜನರಲ್ಲಿ 49 ಜನ ಐದು ವರ್ಷದೊಳಗೆ ತೀರಿಹೋಗಿದ್ದರು. 18 ಜನ ಇನ್ನೂ ರೋಗ ಹರಡುವ ಸ್ಥಿತಿಯಲ್ಲಿದ್ದರು. 33 ಜನ ತಾವಾಗಿಯೇ ಚೇತರಿಸಿಕೊಂಡಿದ್ದರು. ಅಜ್ಜಿಯ ಮೈದುನ ಆ ಮೊದಲ ಗುಂಪಿನವರಂತೆಯೇ ಹೋದವರು.

ಬಾರದವರಿಗೆ ಬಂದ ಕಾಗದ

ಕಾರ್ಯಕ್ರಮವೇನೋ ಬಂತು. ಜಿಲ್ಲೆಗೊಂದು ಕ್ಷಯ ಕೇಂದ್ರವೂ ಬಂತು. ಆದರೆ ಮದ್ರಾಸಿನ ಪ್ರಯೋಗದಲ್ಲಿ ಇದ್ದ, ಮನೆಗೆ ಬರುವ ಮನುಷ್ಯ ಇಲ್ಲಿ ಕಾಣೆಯಾದ. ರೋಗಿಯೇ ತಿಂಗಳಿಗೊಮ್ಮೆ ಬಂದು ಗುಳಿಗೆ ಒಯ್ಯಬೇಕು. ಒಂದು ವರ್ಷ, ಒಂದೂವರೆ ವರ್ಷ ನುಂಗಬೇಕು.

ಗೊತ್ತುಮಾಡಿದ ದಿನ ಬಾರದವರಿಗೆ ಏನು ಮಾಡುತ್ತಿದ್ದರು ಗೊತ್ತೆ? ಮೊದಲು ಒಂದು ಕಾಗದ ಬರೆಯುತ್ತಿದ್ದರು. ಅದಕ್ಕೂ ಬಾರದಿದ್ದರೆ ಮನೆಗೆ ಹೋಗಬೇಕು ಅಂತ ನಿಯಮವಿತ್ತು. ಓದಲು ಬಾರದವರ ಮನೆಗೆ ಬಂದ ಕಾಗದ ಯಾರು ಓದಬೇಕು? ಅಂಚೆಯಣ್ಣ, ಇಲ್ಲಾ ಮೇಷ್ಟ್ರು, ಇಲ್ಲಾ ಪಕ್ಕದ ಮನೆಯ ಹುಡುಗ. ಮುಚ್ಚಿಟ್ಟುಕೊಂಡ ಕಾಯಿಲೆ ಊರಿಗೆಲ್ಲ ಗೊತ್ತಾಗಲು ಅಷ್ಟು ಸಾಕು. ಇನ್ನು ಸುಗ್ಗಿ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ತಾಲ್ಲೂಕು ಆಸ್ಪತ್ರೆಗೆ ಹೋಗುವವರು ಎಷ್ಟು ಜನ?

ಕ್ಷಯದಲ್ಲಿ ಇನ್ನೊಂದು ಮೋಸ ಇದೆ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಜ್ವರ ಬಿಡುತ್ತದೆ, ಹಸಿವು ಕೆರಳುತ್ತದೆ. ವಾಸಿಯಾಯಿತು ಅನ್ನಿಸುತ್ತದೆ. ಒಳಗೆ ರೋಗಾಣು ಮಾತ್ರ ಉಳಿದಿರುತ್ತದೆ. ಅಲ್ಲಿಗೇ ಬಿಟ್ಟರೆ ಕಾಯಿಲೆ ತಿರುಗಿ ಬರುತ್ತದೆ. ಕೆಲವೊಮ್ಮೆ ಹಳೆಯ ಮದ್ದಿಗೆ ಬಗ್ಗದ ರೂಪದಲ್ಲಿ ಬರುತ್ತದೆ. 1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆ ಪೂರ್ತಿ ಮಾಡುತ್ತಿದ್ದವರು ಅರ್ಧಕ್ಕಿಂತ ಕಡಿಮೆ ಅಂತ ಬಯಲಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತು ಪರಿಸ್ಥಿತಿ ಎಂದು ಘೋಷಿಸಿತು.

ಕಣ್ಣೆದುರೇ ನುಂಗು

ಆಗ ಬಂದದ್ದು ಡಾಟ್ಸ್. ನಮ್ಮ ದೇಶದಲ್ಲಿ 1993ರಲ್ಲಿ ಪ್ರಾಯೋಗಿಕವಾಗಿ, 1997ರಿಂದ ದೊಡ್ಡ ಮಟ್ಟದಲ್ಲಿ ಶುರುವಾಗಿ 2006ರ ಹೊತ್ತಿಗೆ ದೇಶಪೂರ್ತಿ ಹರಡಿತು. ರೋಗಿಯ ಹೆಸರಿನಲ್ಲಿ ಚಿಕಿತ್ಸೆಯ ಪೂರ್ತಿ ಔಷಧ ಇರುವ ಒಂದು ಡಬ್ಬಿ. ಹೊಸ ರೋಗಿಗೆ ಕೆಂಪು, ಮೊದಲೊಮ್ಮೆ ಚಿಕಿತ್ಸೆ ಪಡೆದವರಿಗೆ ನೀಲಿ. ನಡುವೆ ಔಷಧ ಮುಗಿದಿದೆ ಅನ್ನುವ ಮಾತೇ ಬರಬಾರದು ಅಂತ ಈ ಏರ್ಪಾಡು. ವಾರಕ್ಕೆ ಮೂರು ದಿನ ಗುಳಿಗೆ. ಮೊದಲ ತಿಂಗಳುಗಳಲ್ಲಿ ಪ್ರತಿ ಸಲವೂ ಇನ್ನೊಬ್ಬರ ಕಣ್ಣೆದುರೇ ನುಂಗಬೇಕು. ನಂತರ ವಾರದ ಮೊದಲ ಸಲ ಎದುರಿಗೆ, ಉಳಿದದ್ದು ಮನೆಯಲ್ಲಿ. ಖಾಲಿ ಹಾಳೆ ತಂದು ತೋರಿಸಬೇಕು.

ಎದುರಿಗೆ ಕೂರುವವರು ಯಾರು? ಮನೆಯವರು ಆಗಬಾರದು ಅಂತ ಆಗಿನ ನಿಯಮ. ಉಪಕೇಂದ್ರದ ಸಿಸ್ಟರ್, ಅಂಗನವಾಡಿ ಟೀಚರ್, ಅಂಗಡಿಯವರು, ತಾವೇ ವಾಸಿಯಾದ ಹಳೆಯ ರೋಗಿಗಳು ಈ ಕೆಲಸ ಮಾಡಿದರು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಅದರ ಹಿಂದೆಯೇ ಸಾವಿರ ಜನಸಂಖ್ಯೆಗೊಬ್ಬರಂತೆ ಆಶಾ ಕಾರ್ಯಕರ್ತೆಯರು ಬಂದರು. ಗುಳಿಗೆ ಕೊಡುವ ಕೆಲಸ ನಿಧಾನವಾಗಿ ಅವರ ಕೈಗೆ ಬಂತು.

ಡಾಟ್ಸ್‌ನಿಂದ ಲಕ್ಷಾಂತರ ಜನ ಉಳಿದರು. ಆದರೆ ಒಂದು ಪ್ರಶ್ನೆ ಉಳಿಯಿತು. ಕಣ್ಣೆದುರು ನುಂಗಿಸಿದ್ದೇ ಜನರನ್ನು ಉಳಿಸಿತೋ, ಅಥವಾ ತಪ್ಪದೆ ಸಿಕ್ಕಿದ ಔಷಧ, ಹತ್ತಿರದ ಕಫ ಪರೀಕ್ಷೆ, ಕಷ್ಟ ಕೇಳುವ ಒಬ್ಬ ಮನುಷ್ಯ ಉಳಿಸಿದ್ದೋ? ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಗಳಲ್ಲಿ, ಬರೀ ಎದುರಿಗೆ ಕೂರಿಸಿ ನುಂಗಿಸುವುದರಿಂದ ಹೆಚ್ಚು ಜನ ವಾಸಿಯಾಗುತ್ತಾರೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಕೂಲಿ ತಪ್ಪಿಸಿಕೊಂಡು ಕೇಂದ್ರಕ್ಕೆ ಬಂದು, ನಾಲ್ಕು ಜನರೆದುರು ಬಾಯಿ ತೆರೆದು ತೋರಿಸುವುದು ಕೆಲವರಿಗೆ ಚಿಕಿತ್ಸೆ ಬಿಡಲು ಕಾರಣವಾಗುವುದೂ ಸಾಧ್ಯ.

ನಮ್ಮ ಆಶಾ ಅಕ್ಕನಿಗೆ ಇದು ಯಾವ ವರದಿಯೂ ಓದದೆ ಗೊತ್ತಿತ್ತು. "ಮೊದಮೊದಲು ನಾನೂ ಪೊಲೀಸ್ ಥರಾನೇ ಕೇಳ್ತಿದ್ದೆ. ಒಬ್ಬರು ನನ್ನ ಕಂಡರೆ ಹಿತ್ತಲಿಂದ ಓಡೋಗೋರು. ಆಮೇಲೆ ಗುಳಿಗೆ ಸುದ್ದಿ ಕೊನೇಲಿ ಕೇಳೋಕೆ ಶುರು ಮಾಡಿದೆ."

ಅವರು ಇನ್ನೊಂದು ಕೆಲಸ ತಪ್ಪದೆ ಮಾಡುತ್ತಾರೆ. ಮೊದಲ ದಿನವೇ ಹೇಳಿಬಿಡುತ್ತಾರೆ: ನಾಳೆಯಿಂದ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡ, ಗುಳಿಗೆಯ ಬಣ್ಣ ಅದು. ಇಷ್ಟು ಹೇಳದೆ ಹೋದರೆ ರಕ್ತ ಅಂದುಕೊಂಡು ಮಾರನೇ ದಿನವೇ ಬಿಟ್ಟುಬಿಡುವವರಿದ್ದಾರೆ. ಹಾಗೆಯೇ ವಾಂತಿ, ಕೀಲುನೋವು, ಕಾಲು ಜುಮುಗುಟ್ಟುವುದು. ಕಣ್ಣು ಹಳದಿಯಾದರೆ ಅಥವಾ ಮಂಜಾದರೆ ಮಾತ್ರ ಒಂದು ದಿನವೂ ಕಾಯಬೇಡ, ಡಾಕ್ಟರ ಹತ್ತಿರ ನಡಿ ಅಂತಲೂ ಹೇಳುತ್ತಾರೆ.

ಗುಳಿಗೆಯ ಜೊತೆಗೆ ಊಟ

2017ರಿಂದ ವಾರಕ್ಕೆ ಮೂರು ದಿನದ ಬದಲು ದಿನಾ ನುಂಗುವ ಗುಳಿಗೆ ಬಂತು. ತೂಕ ನೋಡಿ ಎಷ್ಟು ಅಂತ ಕೊಡುತ್ತಾರೆ. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳು. 2018ರ ಏಪ್ರಿಲ್‌ನಿಂದ ರೋಗಿಯ ಖಾತೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಬರಲು ಶುರುವಾಯಿತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ.

ಊಟದ ವಿಷಯದಲ್ಲೂ ನಮ್ಮ ಕಡೆಯವರ ಹೆಸರು ಬರುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡಿನಲ್ಲಿ 2,800 ರೋಗಿಗಳ ಮನೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಎಲ್ಲ ರೋಗಿಗಳಿಗೂ ಅಕ್ಕಿ, ಕಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಅರ್ಧ ಮನೆಗಳಲ್ಲಿ ಉಳಿದ ಸದಸ್ಯರಿಗೂ ಅಕ್ಕಿ, ಬೇಳೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಸಂಖ್ಯೆ ಸುಮಾರು ಶೇ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಇದು ಪ್ರಕಟವಾಯಿತು. ಮುದ್ದೆ ಒಂದೋ ಒಂದೂವರೆಯೋ ಅಂತ ಅಕ್ಕ ಕೇಳಿದ್ದು ಬರೀ ಕುಶಲ ಪ್ರಶ್ನೆ ಅಲ್ಲ ಅಂತ ನಮಗೆ ಆಗ ಹೊಳೆಯಿತು.

ಅಕ್ಕನ ಲೆಕ್ಕ

ಒಬ್ಬ ರೋಗಿಯ ಆರು ತಿಂಗಳ ಚಿಕಿತ್ಸೆ ಮುಗಿಸಿಕೊಟ್ಟರೆ ಜೊತೆಗೆ ನಿಂತವರಿಗೆ ಸಿಗುವ ಗೌರವಧನ 1000 ರೂಪಾಯಿ. ಭಾಗಿಸಿ ನೋಡಿ, ದಿನಕ್ಕೆ ಐದೂವರೆ ರೂಪಾಯಿ. ಅದೂ ಚಿಕಿತ್ಸೆ ಮುಗಿದ ಮೇಲೆ. ಮದ್ದಿಗೆ ಬಗ್ಗದ ಟಿ.ಬಿ. ಆದರೆ 5000, ಅದರ ಚಿಕಿತ್ಸೆಯೂ ಕಠಿಣ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆಲ್ಲ ಸೇರಿ ಒಂದು ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಅದೇ ಆಶಾ ಕಾರ್ಯಕರ್ತೆಯರು ತಿಂಗಳಿಗೆ ನಿಗದಿತ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಧರಣಿ ಕೂತರು. ಎರಡೂ ಸುದ್ದಿ ಅಕ್ಕನ ಫೋನಿನಲ್ಲಿ ಬಂದಿತ್ತು. "ಪ್ರಶಸ್ತಿ ಯಾರ ಮನೇಲಿ ಇಟ್ಟವ್ರೋ ಗೊತ್ತಿಲ್ಲ ಕಣ್ರಪ್ಪಾ" ಅಂತ ನಕ್ಕರು.

ಈ ಎಪ್ಪತ್ತು ವರ್ಷದ ಚರಿತ್ರೆ ಓದಿದರೆ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ. ಮದ್ರಾಸಿನ ಪ್ರಯೋಗ ಗೆದ್ದದ್ದು ಮನೆಗೆ ಬರುವವರು ಇದ್ದಾಗ. ಆಮೇಲಿನ ಕಾರ್ಯಕ್ರಮ ಸೋತದ್ದು ಮನೆಗೆ ಕಾಗದ ಮಾತ್ರ ಬಂದಾಗ. ಡಾಟ್ಸ್ ಕೂಡ ನಡೆದದ್ದು ಊರಿನಲ್ಲೇ ಇರುವ ಒಬ್ಬರು ಹೊತ್ತುಕೊಂಡಾಗ. ಆದರೂ ಪ್ರತಿ ಸಲ ಲೆಕ್ಕ ಬರೆಯುವಾಗ ಗುಳಿಗೆಗೆ, ಯಂತ್ರಕ್ಕೆ, ಕಟ್ಟಡಕ್ಕೆ ದುಡ್ಡು ತೆಗೆದಿಟ್ಟು ಕೊನೆಯಲ್ಲಿ ಉಳಿದದ್ದನ್ನು ಆ ಮನುಷ್ಯರಿಗೆ ಕೊಟ್ಟಿದ್ದಾರೆ. ನಮ್ಮ ಊರಿನ ಆಶಾ ಕಾರ್ಯಕರ್ತೆಯ ಗೌರವಧನ ಸರಿಯಾಗಿ ಬರುತ್ತಿದೆಯಾ ಅಂತ ಗ್ರಾಮಸಭೆಯಲ್ಲಿ ನಾವು ಎಂದಾದರೂ ಕೇಳಿದ್ದೇವಾ? ನಮ್ಮ ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ.

ಓದುತ್ತಿರುವ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಆಶಾ ಅಕ್ಕನಿಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ, ಗುಳಿಗೆಗೆ ದುಡ್ಡಿಲ್ಲ. ಕೆಮ್ಮಿನ ಔಷಧ ಕೊಟ್ಟು ಕಳಿಸಿದರೆ, ಕಫ ಪರೀಕ್ಷೆ ಯಾಕೆ ಬೇಡ ಅಂತ ಕೇಳಿ. 60 ವರ್ಷದ ಹಿಂದೆ ತುಮಕೂರಿನವರಿಗೆ ಆದದ್ದು ನಿಮಗೆ ಆಗಬಾರದು.

ನಾವು ಹೊರಡುವಾಗ ಆ ಯುವಕ ಟಿಲ್ಲರಿಗೆ ಡೀಸೆಲ್ ಹಾಕುತ್ತಿದ್ದ. ಇನ್ನೊಂದು ತಿಂಗಳು ಭಾರದ ಕೆಲಸ ಬೇಡ ಅಂದಿದ್ದಾರೆ ಅಂತ ಅಕ್ಕ ಗದರಿದರು. "ಓಡಿಸಲ್ಲ ಅಕ್ಕಾ, ಸ್ಟಾರ್ಟ್ ಮಾಡಿ ನೋಡ್ತೀನಿ ಅಷ್ಟೇ" ಅಂದ. ಅಜ್ಜಿ ಒಳಗಿನಿಂದ ಕಾಫಿ ತಂದರು. ನಾಲ್ವರಿಗೂ ಒಂದೇ ಥರದ ಲೋಟ, ಮೊಮ್ಮಗನಿಗೂ.